ಇಕ್ಕಟ್ಟಾದ ಬೀದಿ ಹೊಸ ಮನೆಗಳ ಭಾರ ಹೊರಬಲ್ಲದೇ? ಅಳೆದು ತಿಳಿಯುವ ಸಮಗ್ರ ಮಾರ್ಗದರ್ಶಿ

ಬೀದಿಯ ಕೊನೆಯಲ್ಲಿರುವ ಖಾಲಿ ನಿವೇಶನದಲ್ಲಿ 60 ಮನೆಗಳ ಕಟ್ಟಡ ಬರಲಿದೆ ಎಂಬ ಫಲಕ ಕಾಣಿಸಿದ ದಿನವೇ ವಾದ ಶುರುವಾಗುತ್ತದೆ. ‘ಇಷ್ಟು ಮನೆಗಳಿಗೆ ಈ ಬೀದಿ ಸಾಲದು’ ಎಂದು ನಿವಾಸಿಗಳು, ‘ದಾಖಲೆಯಲ್ಲಿ ಆರು ಮೀಟರ್ ರಸ್ತೆ ಇದೆ’ ಎಂದು ಕಟ್ಟುವವರು. ಎರಡೂ ಕಡೆಯವರು ಹೇಳುವುದರಲ್ಲಿ ಸ್ವಲ್ಪ ಸತ್ಯವಿರುತ್ತದೆ, ಆದರೆ ಟೇಪು ಹಿಡಿದು ಬೀದಿಗೆ ಇಳಿದವರು ಯಾರೂ ಇರುವುದಿಲ್ಲ. ಮಂಜೂರಾತಿ ಕೊಡುವ ಅಧಿಕಾರಿಯ ಮುಂದೆ ಆತಂಕಕ್ಕೆ ತೂಕ ಕಡಿಮೆ, ಅಳತೆಗೆ ತೂಕ ಹೆಚ್ಚು. ಆ ಅಳತೆಯನ್ನು ನೀವೇ ಹೇಗೆ ಮಾಡಬಹುದು ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಬೇಕಾದದ್ದು 30 ಮೀಟರಿನ ಟೇಪು, ಗಡಿಯಾರ, ಕಾಗದ, ಜೊತೆಗೆ ಇಬ್ಬರು ನೆರೆಹೊರೆಯವರು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ‘ಹೊರಬಲ್ಲದೇ’ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಸಿಗುವುದು ಅಪರೂಪ. ಎಷ್ಟು ಮನೆಗಳನ್ನು, ಯಾವ ಷರತ್ತುಗಳ ಮೇಲೆ ಎಂಬುದೇ ನಿಜವಾದ ಉತ್ತರ. ಹೊಸದಾಗಿ ಬರುವವರಿಗೂ ಮನೆ ಬೇಕು. ಆದ್ದರಿಂದ ಲೆಕ್ಕದ ಫಲ ನಿಮಗೆ ಇಷ್ಟವಾಗದಿದ್ದರೂ ಅದನ್ನು ಒಪ್ಪಿಕೊಳ್ಳುವ ಮನಸ್ಸಿನಿಂದಲೇ ಕೆಲಸ ಆರಂಭಿಸಿ.

ಹಂತ 1: ದಾಖಲೆಯ ಅಗಲವನ್ನು ಬಿಟ್ಟು, ಉಳಿದಿರುವ ಅಗಲವನ್ನು ಅಳೆಯಿರಿ

ದಾಖಲೆಯ ಅಗಲವೆಂದರೆ ಸಾಮಾನ್ಯವಾಗಿ ಒಂದು ಬದಿಯ ಕಾಂಪೌಂಡಿನಿಂದ ಇನ್ನೊಂದು ಬದಿಯ ಕಾಂಪೌಂಡಿನವರೆಗಿನ ಅಂತರ. ವಾಹನಕ್ಕೆ ಸಿಗುವುದು ಅದಲ್ಲ. ವಿದ್ಯುತ್ ಕಂಬ, ಮರದ ಬುಡ, ತೆರೆದ ಚರಂಡಿ, ರಸ್ತೆಯ ಮೇಲೆ ಚಾಚಿಕೊಂಡ ಗೇಟಿನ ಇಳಿಜಾರು, ಮೆಟ್ಟಿಲು, ನಿಂತ ಕಾರುಗಳು ಎಲ್ಲವನ್ನೂ ಕಳೆದ ಮೇಲೆ ಉಳಿಯುವುದೇ ಬಳಕೆಯ ಅಗಲ. ಪ್ರತಿ ಹತ್ತು ಮೀಟರಿಗೆ ಒಮ್ಮೆ ಅಡ್ಡಲಾಗಿ ಅಳೆದು ಬರೆದುಕೊಳ್ಳಿ. ಎಲ್ಲಿ ಅತ್ಯಂತ ಕಿರಿದೋ ಅದನ್ನು ಬೇರೆಯಾಗಿ ಗುರುತಿಸಿ. ಸರಾಸರಿ ತೆಗೆಯಬೇಡಿ, ಸರಾಸರಿಯಿಂದ ಇಲ್ಲಿ ಪ್ರಯೋಜನವಿಲ್ಲ. ಹೂಜಿಯ ಹೊಟ್ಟೆ ಎಷ್ಟೇ ದೊಡ್ಡದಿರಲಿ, ನೀರು ಹೊರಬರುವುದು ಬಾಯಿಯ ಅಗಲದಷ್ಟೇ.

ಅಳತೆಯನ್ನು ಎರಡು ಸಲ ಮಾಡಬೇಕು. ಒಂದು ಬೆಳಗಿನ ಗದ್ದಲದ ಹೊತ್ತಿನಲ್ಲಿ, ಇನ್ನೊಂದು ರಾತ್ರಿ ಎಲ್ಲರೂ ಮನೆಗೆ ಮರಳಿದ ಮೇಲೆ. ಕಾರುಗಳು ಸಾಲಾಗಿ ನಿಲ್ಲುವುದು ರಾತ್ರಿ. ಬೆಂಕಿ ಬಿದ್ದರೂ ಯಾರಿಗಾದರೂ ಎದೆನೋವು ಬಂದರೂ ಅದು ಹಗಲು ಹೊತ್ತನ್ನು ಕಾಯುವುದಿಲ್ಲ. ಹಗಲಿನಲ್ಲಿ 4.5 ಮೀಟರ್ ಇದ್ದ ಜಾಗ ರಾತ್ರಿ 2.7 ಮೀಟರಿಗೆ ಇಳಿದಿದ್ದರೆ, ತುರ್ತು ವಾಹನದ ಮಟ್ಟಿಗೆ ಆ ಬೀದಿಯ ಅಗಲ 2.7 ಮೀಟರೇ.

ಅಳತೆಗೆ ಅರ್ಥ ಬರಲು ವಾಹನಗಳ ಗಾತ್ರ ತಿಳಿದಿರಬೇಕು. ಸಾಮಾನ್ಯ ಕಾರು ಸುಮಾರು 1.8 ಮೀಟರ್ ಅಗಲ, ಕನ್ನಡಿಗಳನ್ನು ಸೇರಿಸಿದರೆ ಸುಮಾರು 2 ಮೀಟರ್. ಲಾರಿ, ಅಗ್ನಿಶಾಮಕ ವಾಹನಗಳು ಸುಮಾರು 2.5 ಮೀಟರ್, ಕನ್ನಡಿಗಳು ಬೇರೆ. ವಸತಿ ಬೀದಿಗಳ ವಿನ್ಯಾಸಕ್ಕೆಂದು ಬ್ರಿಟನ್ನಿನ ಸಾರಿಗೆ ಇಲಾಖೆ 2007ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ, ಎದುರುಬದುರಾದ ಎರಡು ಕಾರುಗಳು ನಿಧಾನವಾಗಿ ದಾಟಿಹೋಗಲು 4.1 ಮೀಟರ್ ಸಾಕು. ಒಂದು ಕಾರು ಮತ್ತು ಒಂದು ಲಾರಿಗೆ 4.8 ಮೀಟರ್, ಎರಡು ಲಾರಿಗಳಿಗೆ 5.5 ಮೀಟರ್ ಬೇಕು. ನಿಮ್ಮ ಬೀದಿಯ ಬಳಕೆಯ ಅಗಲ 4.1 ಮೀಟರಿಗಿಂತ ಕಡಿಮೆ ಇರುವ ತುಂಡುಗಳನ್ನೆಲ್ಲ ನಕ್ಷೆಯಲ್ಲಿ ಕೆಂಪು ಬಣ್ಣದಿಂದ ಗುರುತಿಸಿ. ಅಲ್ಲಿ ಎದುರುಬದುರಾಗಿ ಬಂದ ಎರಡು ಕಾರುಗಳಲ್ಲಿ ಒಂದು ಹಿಂದೆ ಸರಿಯಲೇಬೇಕು. ಮುಂದಿನ ಲೆಕ್ಕವೆಲ್ಲ ನಿಂತಿರುವುದು ಈ ಕೆಂಪು ತುಂಡುಗಳ ಮೇಲೆ.

ಹಂತ 2: ಬೀದಿಯ ಆಕಾರವನ್ನು ಓದಿ

ಎರಡೂ ತುದಿಗಳು ತೆರೆದಿರುವ ಬೀದಿಗೂ ಒಂದೇ ಬಾಯಿಯ ಬೀದಿಗೂ ಅಜಗಜಾಂತರ. ಮೊದಲನೆಯದರಲ್ಲಿ ಒಂದು ಕಡೆ ಅಡ್ಡಿಯಾದರೆ ಇನ್ನೊಂದು ಕಡೆಯಿಂದ ಹೋಗಬಹುದು. ಎರಡನೆಯದರಲ್ಲಿ ಬಾಯಿಯ ಬಳಿ ಒಂದು ನೀರಿನ ಟ್ಯಾಂಕರ್ ಕೆಟ್ಟು ನಿಂತರೆ ಒಳಗಿನ ಎಲ್ಲ ಮನೆಗಳೂ ಸಿಕ್ಕಿಬಿದ್ದಂತೆಯೇ. ಹೊಸ ಕಟ್ಟಡ ಒಂದೇ ಬಾಯಿಯ ಬೀದಿಯ ಕೊನೆಯಲ್ಲಿ ಬರುವುದಾದರೆ ಅದರ ಪ್ರತಿಯೊಂದು ವಾಹನವೂ ಪ್ರತಿಯೊಂದು ಹಳೆಯ ಮನೆಯ ಮುಂದೆ ಹಾದುಹೋಗಬೇಕು. ಬಾಯಿಯ ಬಳಿಯೇ ಬಂದರೆ ಹೊರೆ ಎಷ್ಟೋ ಹಗುರ. ಅದೇ 60 ಮನೆಗಳು ನಿಂತ ಜಾಗವನ್ನು ಅವಲಂಬಿಸಿ ಬೇರೆ ಬೇರೆ ಪರಿಣಾಮ ಬೀರುತ್ತವೆ.

ತಿರುವುಗಳನ್ನೂ ನೋಡಿ. ಮೂಲೆಯಲ್ಲಿ ಉದ್ದನೆಯ ವಾಹನದ ಹಿಂದಿನ ಚಕ್ರಗಳು ಮುಂದಿನವು ಹೋದ ಹಾದಿಯಲ್ಲಿ ಹೋಗದೆ ಒಳಕ್ಕೆ ಕತ್ತರಿಸಿಕೊಂಡು ಹೋಗುತ್ತವೆ. ನೇರ ರಸ್ತೆಯಲ್ಲಿ ಸಾಲುವ ಅಗಲ ಮೂಲೆಯಲ್ಲಿ ಸಾಲದೆ ಹೋಗುವುದು ಇದರಿಂದಲೇ. ಕಸದ ಲಾರಿ ಈಗ ಆ ತಿರುವನ್ನು ಒಂದೇ ಸಲಕ್ಕೆ ದಾಟುತ್ತದೆಯೇ, ಹಿಂದೆ ಮುಂದೆ ಮಾಡಿ ದಾಟುತ್ತದೆಯೇ ಎಂಬುದನ್ನು ಒಂದು ಬೆಳಿಗ್ಗೆ ನಿಂತು ನೋಡಿದರೆ ಸಾಕು. ಮೂಲೆಯ ಕಾಂಪೌಂಡಿನ ಮೇಲೆ ಉಜ್ಜಿದ ಗೀರುಗಳಿದ್ದರೆ ಅವೂ ಸಾಕ್ಷಿಯೇ, ಚಿತ್ರ ತೆಗೆದಿಟ್ಟುಕೊಳ್ಳಿ.

ಹಂತ 3: ಈಗಿನ ವಾಹನಗಳನ್ನು ಎಣಿಸಿ

ರಜೆ, ಹಬ್ಬ, ಪರೀಕ್ಷೆಯ ದಿನಗಳನ್ನು ಬಿಟ್ಟು ಕೆಲಸದ ಎರಡು ಮೂರು ದಿನ ಎಣಿಸಿ. ಬೆಳಿಗ್ಗೆ ಎರಡು ಗಂಟೆ ಕಾಲ, ಸಂಜೆ ಎರಡು ಗಂಟೆ ಕಾಲ. ಹದಿನೈದು ನಿಮಿಷಕ್ಕೊಂದು ಸಾಲಿನಂತೆ ಬರೆದುಕೊಂಡು, ಒಳಬರುವವು ಮತ್ತು ಹೊರಹೋಗುವವುಗಳಿಗೆ ಬೇರೆ ಬೇರೆ ಕಲಂ ಹಾಕಿ. ಕಾರು, ದ್ವಿಚಕ್ರ, ಭಾರಿ ವಾಹನ, ಸೈಕಲ್, ನಡೆದು ಹೋಗುವವರು ಎಂದು ವಿಂಗಡಿಸಿ. ನಡೆಯುವವರನ್ನು ಎಣಿಸಲು ಮರೆಯಬೇಡಿ. ವರದಿಗಳಲ್ಲಿ ಅತಿ ಹೆಚ್ಚು ಕೈಬಿಟ್ಟುಹೋಗುವವರು ಅವರೇ, ಇಕ್ಕಟ್ಟಾದ ಬೀದಿಯಲ್ಲಿ ಅತಿ ಹೆಚ್ಚು ಕಳೆದುಕೊಳ್ಳುವವರೂ ಅವರೇ.

ಎಣಿಸಿದ ಮೇಲೆ, ಯಾವ ನಾಲ್ಕು ಹದಿನೈದು ನಿಮಿಷಗಳ ಸಾಲುಗಳು ಸೇರಿದರೆ ಅತಿ ದೊಡ್ಡ ಮೊತ್ತ ಬರುತ್ತದೆ ಎಂದು ನೋಡಿ. ಅದೇ ನಿಮ್ಮ ಬೀದಿಯ ದಟ್ಟಣೆಯ ಗಂಟೆ. ಮುಂದೆ ಇಡೀ ದಿನದ ಲೆಕ್ಕಕ್ಕಿಂತ ಈ ಗಂಟೆಯ ಲೆಕ್ಕವೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಹಂತ 4: ಹೊಸ ಮನೆಗಳಿಂದ ಎಷ್ಟು ಓಡಾಟ?

ಇಲ್ಲಿ ಊಹೆಗೆ ಎಡೆ ಕೊಡಬೇಡಿ. ಅಮೆರಿಕದ ಸಾರಿಗೆ ಎಂಜಿನಿಯರುಗಳ ಸಂಸ್ಥೆಯ 2017ರ ಕೋಷ್ಟಕದಲ್ಲಿ ಬಿಡಿ ಮನೆಯೊಂದಕ್ಕೆ ದಿನಕ್ಕೆ 9.44 ವಾಹನ ಓಡಾಟಗಳು, ಸಂಜೆಯ ದಟ್ಟಣೆಯ ಗಂಟೆಗೆ 0.99 ಎಂದಿದೆ. ಈ ಅಂಕಿಗಳನ್ನು ಎಲ್ಲೆಲ್ಲೂ ಬಳಸುವುದುಂಟು, ಆದರೆ ಅವು ಹುಟ್ಟಿದ್ದು ಕಾರಿಲ್ಲದೆ ಕಾಲಿಡಲಾಗದ ಉಪನಗರಗಳಲ್ಲಿ. ಬಸ್ಸು, ರೈಲು, ನಡಿಗೆ, ದ್ವಿಚಕ್ರ ವಾಹನ ಹೆಚ್ಚಿರುವ ಕಡೆ ಅವು ಹೊಂದುವುದಿಲ್ಲ.

ಅದಕ್ಕಿಂತ ಒಳ್ಳೆಯ ದಾರಿ ಇದೆ. ಹತ್ತಿರದಲ್ಲೇ, ಅದೇ ಬಗೆಯ, ಅಷ್ಟೇ ಗಾತ್ರದ ಮನೆಗಳಿರುವ, ಜನ ವಾಸವಾಗಿರುವ ಕಟ್ಟಡವೊಂದರ ಗೇಟಿನ ಬಳಿ ನಿಂತು ದಟ್ಟಣೆಯ ಗಂಟೆಯಲ್ಲಿ ಎಣಿಸಿ. ಬಂದ ಸಂಖ್ಯೆಯನ್ನು ಅಲ್ಲಿನ ಮನೆಗಳ ಸಂಖ್ಯೆಯಿಂದ ಭಾಗಿಸಿ. ಇಂಥ ಎರಡು ಮೂರು ಕಟ್ಟಡಗಳ ಎಣಿಕೆ ಕೈಯಲ್ಲಿದ್ದರೆ ಯಾವ ಕೋಷ್ಟಕಕ್ಕೂ ಎದುರು ನಿಲ್ಲಬಹುದು. ಮನೆಗೆ ವಸ್ತು ತಲುಪಿಸುವ ವಾಹನಗಳು, ಬಾಡಿಗೆ ಕಾರುಗಳು, ಶಾಲಾ ವಾಹನಗಳನ್ನೂ ಸೇರಿಸಿ. ಬಾಡಿಗೆ ಕಾರು ಬಂದು ಹೋದರೆ ಒಂದಲ್ಲ, ಎರಡು ಓಡಾಟ.

ಹಂತ 5: ಎದುರುಬದುರಾಗುವ ಲೆಕ್ಕ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತವನ್ನು ಮಾಡುವಷ್ಟು ಸಮಯವಿದ್ದರೆ ಇದನ್ನೇ ಮಾಡಿ ಎನ್ನುತ್ತೇನೆ. ಕಟ್ಟುವವರ ಪರವಾದ ಸಂಚಾರ ವರದಿಗಳಲ್ಲಿ ‘ರಸ್ತೆಯ ಸಾಮರ್ಥ್ಯದ ಸಣ್ಣ ಪಾಲು ಮಾತ್ರ ಬಳಕೆಯಾಗುತ್ತದೆ’ ಎಂಬ ಸಾಲು ಕಾಣಸಿಗುತ್ತದೆ. ಆ ಸಾಮರ್ಥ್ಯದ ಅಂಕಿ ಬಂದಿರುವುದು ಬಹುಮಟ್ಟಿಗೆ ಎರಡು ಕಡೆಯ ವಾಹನಗಳೂ ತಡೆಯಿಲ್ಲದೆ ಸಾಗುವ ರಸ್ತೆಯಿಂದ. ಒಂದೇ ಕಾರು ಹಿಡಿಸುವ ತುಂಡಿಗೆ ಆ ಅಂಕಿ ಸಲ್ಲದು. ಅಲ್ಲಿ ಕೇಳಬೇಕಾದದ್ದು ಎಷ್ಟು ವಾಹನಗಳು ಹೋಗುತ್ತವೆ ಎಂದಲ್ಲ, ಎಷ್ಟು ಸಲ ಎದುರುಬದುರಾಗುತ್ತವೆ ಎಂದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕೆಂಪು ತುಂಡಿನ ಉದ್ದ 120 ಮೀಟರ್, ವೇಗ ಗಂಟೆಗೆ 15 ಕಿಲೋಮೀಟರ್. ದಾಟಲು ಬೇಕಾಗುವುದು ಸುಮಾರು 29 ಸೆಕೆಂಡು. ನೀವು ಒಳಗೆ ಕಾಲಿಟ್ಟಾಗ ಆಗಲೇ ಎದುರಿನಿಂದ ಹೊರಟಿರುವ ಕಾರು ನಿಮಗೆ ಸಿಗುತ್ತದೆ, ನೀವು ದಾಟಿ ಮುಗಿಸುವಷ್ಟರಲ್ಲಿ ಎದುರು ತುದಿಯಿಂದ ಒಳಬರುವ ಕಾರೂ ಸಿಗುತ್ತದೆ. ಹಾಗಾಗಿ ಲೆಕ್ಕಕ್ಕೆ ಹಿಡಿಯಬೇಕಾದ ಅವಧಿ ಅದರ ಎರಡರಷ್ಟು, ಅಂದರೆ ಸುಮಾರು 58 ಸೆಕೆಂಡು.

ಈಗ ಬೆಳಗಿನ ದಟ್ಟಣೆಯ ಗಂಟೆಯಲ್ಲಿ 30 ಕಾರುಗಳು ಹೊರಹೋಗುತ್ತವೆ, 20 ಒಳಬರುತ್ತವೆ ಎನ್ನೋಣ. ಒಳಬರುವ ಒಂದು ಕಾರಿಗೆ ಎದುರಾಗುವ ಕಾರುಗಳ ಸರಾಸರಿ: 30 ಗುಣಿಸು 58, ಭಾಗಿಸು 3600. ಸುಮಾರು 0.48. ಇಂಥ 20 ಕಾರುಗಳಿಗೆ ಗಂಟೆಯಲ್ಲಿ ಹತ್ತಿರ ಹತ್ತಿರ 10 ಮುಖಾಮುಖಿ.

ಹಂತ 4ರ ಎಣಿಕೆಯಲ್ಲಿ ಮನೆಗೆ 0.5 ಬಂದಿದೆ ಎಂದುಕೊಂಡರೆ, 60 ಹೊಸ ಮನೆಗಳಿಂದ 30 ಕಾರುಗಳು ಸೇರುತ್ತವೆ. ಬೆಳಗಿನ ಹೊತ್ತಾದ್ದರಿಂದ ಅವುಗಳಲ್ಲಿ 24 ಹೊರಕ್ಕೆ, 6 ಒಳಕ್ಕೆ. ಈಗ ಹೊರಹೋಗುವವು 54, ಒಳಬರುವವು 26. ಅದೇ ಲೆಕ್ಕ ಮಾಡಿದರೆ ಗಂಟೆಗೆ ಸುಮಾರು 22 ಮುಖಾಮುಖಿ. ಕಾರುಗಳು 50ರಿಂದ 80ಕ್ಕೆ ಏರಿದವು, ಅಂದರೆ ಶೇಕಡ 60ರಷ್ಟು ಹೆಚ್ಚು. ಮುಖಾಮುಖಿಗಳು ಎರಡೂಕಾಲು ಪಟ್ಟು ದಾಟಿದವು. ಕಾರಣ ಸರಳ: ಮುಖಾಮುಖಿಗಳ ಸಂಖ್ಯೆ ಎರಡು ದಿಕ್ಕಿನ ಹರಿವುಗಳ ಗುಣಲಬ್ಧವನ್ನು ಅನುಸರಿಸುತ್ತದೆ, ಮೊತ್ತವನ್ನಲ್ಲ. ‘ಸ್ವಲ್ಪವೇ ಹೆಚ್ಚಾದರೂ ಯಾಕಿಷ್ಟು ಕಷ್ಟ’ ಎಂದು ನಿವಾಸಿಗಳಿಗೆ ಅನಿಸುವುದರ ಹಿಂದಿನ ಗಣಿತ ಇದೇ.

ಒಂದೊಂದು ಮುಖಾಮುಖಿ ಬಿಡಿಸಿಕೊಳ್ಳಲು ಅರ್ಧ ನಿಮಿಷ ಎಂದರೂ, ಮೊದಲು ಗಂಟೆಯಲ್ಲಿ 5 ನಿಮಿಷ ಅಡ್ಡಗಟ್ಟಿಕೊಳ್ಳುತ್ತಿದ್ದ ಬೀದಿ ಈಗ 11 ನಿಮಿಷ ಅಡ್ಡಗಟ್ಟಿಕೊಳ್ಳುತ್ತದೆ. ಹಿಂದೆ ಸರಿಯುವ ಕಾರಿನ ಬೆನ್ನಿಗೆ ಇನ್ನೊಂದು ಬಂದು ನಿಂತರೆ ಅರ್ಧ ನಿಮಿಷ ಎರಡು ನಿಮಿಷವಾಗುತ್ತದೆ. ಮಕ್ಕಳು ಶಾಲೆಗೆ ನಡೆದುಹೋಗುವುದೂ ಇದೇ ಗಂಟೆಯಲ್ಲಿ. ಕಾರು ಹಿಮ್ಮುಖವಾಗಿ ಬರುವಾಗ ಅದರ ಹಿಂದೆ ಇರುವ ಪುಟ್ಟ ಮಗು ಚಾಲಕನಿಗೆ ಕಾಣುವುದಿಲ್ಲ. ನನ್ನನ್ನು ಅತಿ ಹೆಚ್ಚು ಕಾಡುವ ಸಂಗತಿ ಇದು.

ಇದೇ ಲೆಕ್ಕ ಪರಿಹಾರವನ್ನೂ ತೋರಿಸುತ್ತದೆ. ತುಂಡಿನ ನಡುವೆ ಎರಡು ಕಾರು ದಾಟಬಲ್ಲ ಒಂದು ತಂಗುಜಾಗ ಸಿಕ್ಕಿ, ಒಂದು ತುದಿಯಿಂದ ಇನ್ನೊಂದು ಸ್ಪಷ್ಟವಾಗಿ ಕಾಣುವಂತಿದ್ದರೆ, ಚಾಲಕರು ಕಾದು ಮುಂದೆ ಸಾಗುತ್ತಾರೆ, ಹಿಮ್ಮುಖ ಚಾಲನೆ ಬಹುಪಾಲು ನಿಲ್ಲುತ್ತದೆ. ಕೆಲವೊಮ್ಮೆ ನಾಲ್ಕು ಕಾರು ನಿಲ್ಲಿಸುವ ಜಾಗವನ್ನು ಖಾಲಿ ಮಾಡಿಸಿದರೆ ಸಾಕು, ಅದು ಸಿಕ್ಕಿಬಿಡುತ್ತದೆ. ದ್ವಿಚಕ್ರ ವಾಹನಗಳನ್ನು ಈ ಲೆಕ್ಕದಿಂದ ಹೊರಗಿಡಿ. ಕಾರಿನ ಪಕ್ಕ ಒಂದು ಮೀಟರಿಗಿಂತ ಹೆಚ್ಚು ಜಾಗ ಉಳಿದಿದ್ದರೆ ಅವು ನುಸುಳಿಕೊಂಡು ಹೋಗುತ್ತವೆ.

ಹಂತ 6: ಬೆಂಕಿ, ಆಂಬುಲೆನ್ಸ್

ಬೇರೆ ಎಲ್ಲ ಕೊರತೆಗಳ ಬಗ್ಗೆ ಮಾತುಕತೆ ನಡೆಸಬಹುದು, ಇದರ ಬಗ್ಗೆ ಇಲ್ಲ. ದೇಶದಿಂದ ದೇಶಕ್ಕೆ ನಿಯಮ ಬೇರೆ. ಬ್ರಿಟನ್ನಿನ ಮಾರ್ಗಸೂಚಿ ಅಗ್ನಿಶಾಮಕ ವಾಹನದ ದಾರಿಗೆ ಕನಿಷ್ಠ 3.7 ಮೀಟರ್ ಅಗಲ ಕೇಳುತ್ತದೆ, 20 ಮೀಟರಿಗಿಂತ ಹೆಚ್ಚು ದೂರ ಹಿಮ್ಮುಖವಾಗಿ ಬರುವಂತೆ ಇರಬಾರದು ಎನ್ನುತ್ತದೆ. ಅಮೆರಿಕದ ಬಹಳಷ್ಟು ಕಡೆ ಅಳವಡಿಸಿಕೊಂಡಿರುವ ಅಗ್ನಿ ಸಂಹಿತೆ 20 ಅಡಿ, ಅಂದರೆ ಸುಮಾರು 6.1 ಮೀಟರ್ ತೆರವಾದ ಅಗಲ ಬೇಕೆನ್ನುತ್ತದೆ. ಭಾರತದ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಅಥವಾ ಅದಕ್ಕಿಂತ ಎತ್ತರದ ಕಟ್ಟಡದ ಮುಂದಿನ ರಸ್ತೆ 12 ಮೀಟರಿಗಿಂತ ಕಡಿಮೆ ಇರಕೂಡದು, ಆ ರಸ್ತೆಯ ಒಂದು ತುದಿ ಅಷ್ಟೇ ಅಗಲದ ಇನ್ನೊಂದು ರಸ್ತೆಗೆ ಸೇರಬೇಕು. ಈ ಎರಡನೆಯ ಮಾತು ಬಹಳ ಮುಖ್ಯ. ಕಟ್ಟಡದ ಎದುರಿನ ತುಂಡನ್ನಷ್ಟೇ ಅಗಲ ಮಾಡಿ, ಅಲ್ಲಿಗೆ ಬರುವ ದಾರಿಯನ್ನು ಹಾಗೆಯೇ ಬಿಟ್ಟರೆ ಏಣಿ ಹೊತ್ತ ವಾಹನ ಬೀದಿಯ ಬಾಯಿಯಲ್ಲೇ ನಿಲ್ಲುತ್ತದೆ.

ನಿಮ್ಮ ಊರಿಗೆ ಅನ್ವಯಿಸುವ ನಿಯಮದ ಪ್ರತಿಯನ್ನು ಕಚೇರಿಯಿಂದ ಪಡೆದು, ಹಂತ 1ರ ರಾತ್ರಿಯ ಅಳತೆಯ ಪಕ್ಕದಲ್ಲಿ ಇಟ್ಟು ನೋಡಿ. ಅಗಲ ಒಂದೇ ಅಲ್ಲ: ಜೋತುಬಿದ್ದ ತಂತಿಗಳ ಎತ್ತರ, ಮರದ ಕೊಂಬೆ, ಚರಂಡಿಯ ಮೇಲಿನ ಚಪ್ಪಡಿಗೆ ಅಗ್ನಿಶಾಮಕ ವಾಹನದ ತೂಕ ಹೊರುವ ಬಲ, ಕೊನೆಯಲ್ಲಿ ತಿರುಗಿಸಲು ಜಾಗ. ಅಗ್ನಿಶಾಮಕ ಠಾಣೆಗೆ ಬರವಣಿಗೆಯಲ್ಲಿ ಮನವಿ ಕೊಟ್ಟು, ವಾಹನವನ್ನು ಒಮ್ಮೆ ಬೀದಿಯಲ್ಲಿ ಓಡಿಸಿ ನೋಡಲು ಕೇಳಿ. ಅವರು ಬಂದು ನೋಡಿ ಬರೆದುಕೊಡುವ ಒಂದು ಹಾಳೆಗೆ ನೂರು ಸಹಿಗಳ ಮನವಿಗಿಂತ ಹೆಚ್ಚು ಬೆಲೆ.

ಹಂತ 7: ನಡೆಯುವವರಿಗೆ ಉಳಿಯುವುದೇನು?

ಎರಡು ಗಾಲಿಕುರ್ಚಿಗಳು ಪಕ್ಕಪಕ್ಕದಲ್ಲಿ ದಾಟಲು ಸುಮಾರು 1.8 ಮೀಟರ್ ಬೇಕು. ಇಕ್ಕಟ್ಟಾದ ಬೀದಿಯಲ್ಲಿ ಅಷ್ಟು ಪಾದಚಾರಿ ಮಾರ್ಗ ಇರುವುದಿಲ್ಲ, ಜನ ರಸ್ತೆಯ ಮೇಲೆಯೇ ನಡೆಯುತ್ತಾರೆ. ವಾಹನಗಳು ಕಡಿಮೆ, ನಿಧಾನ ಇರುವವರೆಗೆ ಅದು ದೋಷವಲ್ಲ, ಆ ಬೀದಿಯ ಸೊಬಗೇ ಅದು. ಹಾಗಾಗಿ ರಸ್ತೆಯಲ್ಲಿ ವಾಹನ ಹಿಡಿಸುತ್ತದೆಯೇ ಎಂಬುದರ ಜೊತೆಗೆ, ವಾಸಕ್ಕೆ ಯೋಗ್ಯವಾಗಿ ಉಳಿಯುತ್ತದೆಯೇ ಎಂಬುದನ್ನೂ ಕೇಳಬೇಕು. ಬ್ರಿಟನ್ನಿನಲ್ಲಿ 1963ರಲ್ಲಿ ಕಾಲಿನ್ ಬುಕಾನನ್ ನೇತೃತ್ವದ ವರದಿ ಇದಕ್ಕೆ ‘ಪರಿಸರ ಸಾಮರ್ಥ್ಯ’ ಎಂಬ ಹೆಸರಿಟ್ಟಿತು. ಮುಂದೆ ಡೊನಾಲ್ಡ್ ಆಪಲ್‌ಯಾರ್ಡ್ ಸ್ಯಾನ್ ಫ್ರಾನ್ಸಿಸ್ಕೊದ ಮೂರು ಬೀದಿಗಳನ್ನು ಹೋಲಿಸಿದರು. ದಿನಕ್ಕೆ ಸುಮಾರು 2,000 ವಾಹನಗಳ ಬೀದಿಯಲ್ಲಿ ಒಬ್ಬೊಬ್ಬರಿಗೆ ಅದೇ ಬೀದಿಯಲ್ಲಿ ಸರಾಸರಿ 3 ಸ್ನೇಹಿತರಿದ್ದರು, ಸುಮಾರು 16,000 ವಾಹನಗಳ ಬೀದಿಯಲ್ಲಿ 0.9. ಇಕ್ಕಟ್ಟಾದ ಬೀದಿಯ ಸಂಖ್ಯೆಗಳು ಇವಕ್ಕಿಂತ ತೀರಾ ಚಿಕ್ಕವು, ಆದರೆ ನಷ್ಟದ ಬಗೆ ಒಂದೇ. ಸಂಜೆ ಎಷ್ಟು ಮಕ್ಕಳು ಆಡುತ್ತಾರೆ, ಎಷ್ಟು ಹಿರಿಯರು ಕಟ್ಟೆಯ ಮೇಲೆ ಕೂರುತ್ತಾರೆ ಎಂಬುದನ್ನೂ ಎಣಿಸಿ ವರದಿಗೆ ಸೇರಿಸಿ.

ಹೊಸ ಕಟ್ಟಡದ ಗೇಟನ್ನು ನಕ್ಷೆಯಲ್ಲಿ ವಿಶೇಷವಾಗಿ ಪರಿಶೀಲಿಸಿ. ಗಂಟೆಗೆ 30 ಕಿಲೋಮೀಟರ್ ವೇಗದ ವಾಹನ ನಿಲ್ಲಲು ಮೇಲೆ ಹೇಳಿದ ಬ್ರಿಟಿಷ್ ಕೈಪಿಡಿ 23 ಮೀಟರ್ ನೋಟದ ಅಂತರ ಕೇಳುತ್ತದೆ. ನೆಲಮಾಳಿಗೆಯಿಂದ ಏರಿ ಬರುವ ಕಾರಿನ ಚಾಲಕನಿಗೆ ಎತ್ತರದ ಕಾಂಪೌಂಡು ಎರಡು ಮೀಟರನ್ನೂ ಕಾಣಿಸದಿದ್ದರೆ, ಕಟ್ಟುವ ಮೊದಲೇ ಅದನ್ನು ತಿದ್ದಿಸುವುದು ಸುಲಭ.

ಹಂತ 8: ನೆಲದಡಿಯ ಬೀದಿ

ಮನೆಗಳು ವಾಹನವನ್ನಷ್ಟೇ ತರುವುದಿಲ್ಲ. ಬೆಳಗಿನ ಹೊತ್ತು ಒಳಚರಂಡಿಯ ಮ್ಯಾನ್‌ಹೋಲುಗಳು ತುಂಬಿ ನಿಲ್ಲುತ್ತವೆಯೇ, ಬೇಸಿಗೆಯಲ್ಲಿ ನೀರಿನ ಒತ್ತಡ ಎಷ್ಟಕ್ಕೆ ಇಳಿಯುತ್ತದೆ, ಟ್ರಾನ್ಸ್‌ಫಾರ್ಮರ್ ಎಷ್ಟು ಹೊರೆ ಹೊತ್ತಿದೆ ಎಂದು ಸಂಬಂಧಪಟ್ಟ ಕಚೇರಿಗಳಲ್ಲಿ ಕೇಳಿ. ಮಳೆನೀರಿನ ಲೆಕ್ಕ ಮಾತ್ರ ನೀವೇ ಮಾಡಬಹುದು. 2,000 ಚದರ ಮೀಟರ್ ನಿವೇಶನದ ಮೇಲೆ ಗಂಟೆಗೆ 50 ಮಿಲಿಮೀಟರ್ ಮಳೆ ಎಂದರೆ 1,00,000 ಲೀಟರ್. ಮಣ್ಣಿನ ನೆಲದಲ್ಲಿ ಅದರ ಹತ್ತರಲ್ಲಿ ಮೂರು ಪಾಲು ಬೀದಿಗೆ ಹರಿಯುತ್ತಿದ್ದರೆ, ಚಾವಣಿ ಮತ್ತು ಕಾಂಕ್ರೀಟ್ ಮುಚ್ಚಿದ ಮೇಲೆ ಒಂಬತ್ತು ಪಾಲು ಹರಿಯಬಹುದು: ಸೆಕೆಂಡಿಗೆ 25 ಲೀಟರ್. ನಿವೇಶನದೊಳಗೇ ಇಂಗುಗುಂಡಿ, ಸಂಗ್ರಹ ತೊಟ್ಟಿ ಬೇಕೆಂದು ಕೇಳಲು ಈ ಒಂದು ಅಂಕಿ ಸಾಕು.

ಹಂತ 9: ಕಟ್ಟುವ ಕಾಲದ ಹೊರೆ

ಮನೆಗಳು ತುಂಬಿದ ಮೇಲೆ ಬರುವ ಕಾರುಗಳ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ಅದಕ್ಕೆ ಮುನ್ನ ಎರಡು ಮೂರು ವರ್ಷ ಓಡಾಡುವ ಲಾರಿಗಳ ಬಗ್ಗೆ ಮಾತನಾಡುವುದಿಲ್ಲ. 40 ಮೀಟರ್ ಉದ್ದ, 25 ಮೀಟರ್ ಅಗಲ, 4 ಮೀಟರ್ ಆಳದ ನೆಲಮಾಳಿಗೆಯಿಂದ ಹೊರಡುವ ಮಣ್ಣು 4,000 ಘನ ಮೀಟರ್. ಅಗೆದ ಮಣ್ಣು ಸಡಿಲವಾಗಿ ಕಾಲುಭಾಗ ಉಬ್ಬಿದರೆ 5,000. ಟಿಪ್ಪರಿಗೆ 10 ಘನ ಮೀಟರಿನಂತೆ 500 ಲೋಡು, ಹೋಗುವುದು ಬರುವುದು ಸೇರಿ 1,000 ಓಡಾಟ. ದಿನಕ್ಕೆ 20 ಲೋಡು ಸಾಗಿಸಿದರೂ 25 ದಿನ. ಇದು ಮಣ್ಣು ಮಾತ್ರ, ಕಬ್ಬಿಣ, ಇಟ್ಟಿಗೆ, ಕಾಂಕ್ರೀಟ್ ಮಿಕ್ಸರ್ ಲಾರಿಗಳು ಇನ್ನೂ ಬರಬೇಕು.

ಬೀದಿಯ ಹಳೆಯ ಮನೆಗಳ ಗೋಡೆಗಳಲ್ಲಿ ಈಗಾಗಲೇ ಇರುವ ಬಿರುಕುಗಳನ್ನು ದಿನಾಂಕ ಕಾಣುವಂತೆ ಚಿತ್ರ ತೆಗೆದು ಇಡಿ. ಆಮೇಲೆ ಯಾವುದು ಹಳೆಯದು, ಯಾವುದು ಹೊಸದು ಎಂಬ ಜಗಳ ಉಳಿಯುವುದಿಲ್ಲ.

ಹಂತ 10: ಷರತ್ತುಗಳನ್ನು ಬರೆದು ಕೊಡಿ

ಅಳತೆ ಮುಗಿದ ಮೇಲೆ ಪ್ರತಿ ಕೊರತೆಯ ಎದುರು ಒಂದು ಪರಿಹಾರ ಬರೆಯಿರಿ. ಕಿರಿದಾದ ತುಂಡಿಗೆ ನಿವೇಶನದ ಅಂಚಿನಿಂದ ಜಾಗ ಬಿಟ್ಟುಕೊಡುವುದು ಅಥವಾ ತಂಗುಜಾಗ. ಎರಡನೆಯ ದಾರಿ ಸಾಧ್ಯವಿದ್ದರೆ ತುರ್ತು ವಾಹನಕ್ಕಾದರೂ ತೆರೆಯುವುದು. ಬೀದಿಗೆ ಎರಡು ಬಾಯಿ ಇದ್ದರೆ ಏಕಮುಖ ಸಂಚಾರ. ಮುಖಾಮುಖಿ ಸೊನ್ನೆಗೆ ಇಳಿಯುತ್ತದೆ, ಆದರೆ ವೇಗ ಏರುವುದರಿಂದ ಉಬ್ಬುಗಳು ಜೊತೆಗೇ ಬೇಕು. ಅತಿಥಿಗಳ ವಾಹನ ಸೇರಿ ಎಲ್ಲವೂ ಒಳಗೇ ನಿಲ್ಲುವಷ್ಟು ಜಾಗ. ಶಾಲೆಯ ಹೊತ್ತಿನಲ್ಲಿ ಲಾರಿಗೆ ತಡೆ. ಇಷ್ಟು ಮಾಡಿದರೂ ಲೆಕ್ಕ ಹೊಂದದಿದ್ದರೆ ಹಂತ 5ನ್ನು ಹಿಂದುಮುಂದಾಗಿ ಮಾಡಿ: ಬೀದಿ ತಾಳಬಲ್ಲ ಮುಖಾಮುಖಿಗಳ ಸಂಖ್ಯೆಯಿಂದ ಆರಂಭಿಸಿ, ಎಷ್ಟು ಮನೆಗಳವರೆಗೆ ಸರಿ ಎಂದು ಕಂಡುಹಿಡಿಯಿರಿ. ‘60 ಬೇಡ’ ಎನ್ನುವ ಆಕ್ಷೇಪಣೆಗಿಂತ ‘ತಂಗುಜಾಗವಿದ್ದರೆ 35ರವರೆಗೆ ಆಗುತ್ತದೆ, ಲೆಕ್ಕ ಇಲ್ಲಿದೆ’ ಎನ್ನುವುದನ್ನು ತಳ್ಳಿಹಾಕುವುದು ಕಷ್ಟ. ತುರ್ತು ವಾಹನದ ಅಗಲ ಯಾವ ದಾರಿಯಿಂದಲೂ ಸಿಗದಿದ್ದರೆ ಮಾತ್ರ ಸ್ಪಷ್ಟವಾಗಿ ಇಲ್ಲ ಎನ್ನಿ.

ಆಸ್ತಿಯ ಬೆಲೆ, ಬರುವವರು ಎಂಥವರೋ ಎಂಬ ಅನುಮಾನ, ನೋಟ ಮರೆಯಾಗುತ್ತದೆ ಎಂಬ ಬೇಸರ ಇವನ್ನೆಲ್ಲ ಅರ್ಜಿಯಲ್ಲಿ ಬೆರೆಸಬೇಡಿ. ಅವು ಒಂದು ಸಾಲಿನಷ್ಟಿದ್ದರೂ ಅಳತೆಯ ಹತ್ತು ಪುಟಗಳ ಮೇಲಿನ ನಂಬಿಕೆ ತಗ್ಗುತ್ತದೆ. ಆಕ್ಷೇಪಣೆಯ ಕೊನೆಯ ದಿನಾಂಕಕ್ಕೆ ಮೊದಲೇ ಸಲ್ಲಿಸಿ, ಸ್ವೀಕೃತಿ ಪಡೆಯಿರಿ. ಒಪ್ಪಿದ ಷರತ್ತುಗಳು ಮಂಜೂರಾತಿ ಪತ್ರದಲ್ಲೇ ಇರಬೇಕು, ಬಾಯಿಮಾತಿನಲ್ಲಿ ಅಲ್ಲ. ತಂಗುಜಾಗ, ಚರಂಡಿಗಳು ಮುಗಿದ ಮೇಲೆಯೇ ವಾಸಕ್ಕೆ ಅನುಮತಿ ಎಂಬ ಸಾಲೂ ಅಲ್ಲಿರಲಿ. ಮನೆಗಳು ತುಂಬಿ ಆರು ತಿಂಗಳಾದ ಮೇಲೆ, ಮೊದಲು ನಿಂತ ಅದೇ ಜಾಗದಲ್ಲಿ, ವಾರದ ಅದೇ ದಿನ, ಅದೇ ಹೊತ್ತಿಗೆ ಇನ್ನೊಮ್ಮೆ ಎಣಿಸಿ. ಈ ಸಲ ಎಣಿಸಲು ಹೊಸ ಕಟ್ಟಡದಿಂದಲೂ ಒಬ್ಬರನ್ನು ಕರೆದುಕೊಳ್ಳಿ.